ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಪ್ರೆಸ್: ಹಿಂದಿನ ಸಾಲಿನಿಂದ ಕಟ್ಟುವ ಬಗೆ

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ಎಂಬುದಿಲ್ಲ. ಆಟ ನಡೆಯುತ್ತಿರುವಾಗ ತಂಡದ ಹದಿನೆಂಟು ಮಂದಿಯೂ ಅಂಡಾಕಾರದ ಮೈದಾನದ ಯಾವ ಮೂಲೆಗಾದರೂ ಹೋಗಬಹುದು. ಫಾರ್ವರ್ಡ್ ಪ್ರೆಸ್ ನಿಂತಿರುವುದು ಈ ಸ್ವಾತಂತ್ರ್ಯದ ಮೇಲೆ. ನಮ್ಮ ದಾಳಿ ಕೈತಪ್ಪಿ ಚೆಂಡು ಎದುರಾಳಿ ಡಿಫೆಂಡರ್‌ಗಳ ಪಾಲಾದಾಗ ನಾವು ನಮ್ಮ ಗೋಲಿನತ್ತ ಹಿಂದೋಡುವುದಿಲ್ಲ. ಇಡೀ ತಂಡ ಮುಂದಕ್ಕೆ ಜರುಗಿ, ಚೆಂಡು ಆ ತುದಿಯಿಂದ ಹೊರಬರದಂತೆ ಬೇಲಿ ಹಾಕುತ್ತದೆ. 2008ರಲ್ಲಿ ತರಬೇತುದಾರ ಅಲಸ್ಟೇರ್ ಕ್ಲಾರ್ಕ್‌ಸನ್ ಅವರ ಹಾಥಾರ್ನ್ ತಂಡ ಆಳನ್ನು ಕಾಯುವುದಕ್ಕಿಂತ ಜಾಗವನ್ನು ಕಾಯುವ ‘ಕ್ಲಸ್ಟರ್’ ಪದ್ಧತಿಯಿಂದ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಪ್ರೀಮಿಯರ್‌ಶಿಪ್ ಗೆದ್ದಿತು. 2010ರಲ್ಲಿ ಮಿಕ್ ಮಾಲ್ಟ್‌ಹೌಸ್ ಅವರ ಕಾಲಿಂಗ್‌ವುಡ್ ಪ್ರೆಸ್ಸನ್ನೇ ತನ್ನ ಆಟದ ಗುರುತಾಗಿಸಿಕೊಂಡು ಅದೇ ಪ್ರಶಸ್ತಿಯನ್ನು ಪಡೆಯಿತು.

ಪ್ರೆಸ್ ಎಂದರೆ ಮುಂದಿನ ಮೂರ್ನಾಲ್ಕು ಫಾರ್ವರ್ಡ್‌ಗಳು ಉಸಿರುಗಟ್ಟುವಂತೆ ಓಡುವುದು ಎಂದು ತಿಳಿಯುವ ತರಬೇತುದಾರರು ಬಹಳ. ನನ್ನ ಅಭಿಪ್ರಾಯದಲ್ಲಿ ಪ್ರೆಸ್ ಗೆಲ್ಲುವುದೂ ಸೋಲುವುದೂ ಹಿಂದಿನ ಸಾಲಿನಲ್ಲಿ. ಮುಂದಿನವರ ಕೆಲಸ ಎದುರಾಳಿಯ ಒದೆತವನ್ನು ಕೆಡಿಸುವುದಷ್ಟೇ. ಕೆಟ್ಟ ಒದೆತದ ಫಲ ಸಿಗುವುದು ಅಲ್ಲಿಂದ ನಲವತ್ತು ಐವತ್ತು ಮೀಟರ್ ದೂರದಲ್ಲಿ, ಚೆಂಡು ಇಳಿಯುವ ಕಡೆ. ಅಲ್ಲಿ ನಮ್ಮ ಡಿಫೆಂಡರ್ ಇಲ್ಲದಿದ್ದರೆ ಮುಂದಿನವರ ಓಟವೆಲ್ಲ ನೀರಿನಲ್ಲಿ ಹೋಮ. ಕಬಡ್ಡಿಯಲ್ಲಿ ಮೂಲೆಯವನು ರೈಡರ್‌ನ ಕಾಲು ಹಿಡಿದಾಗ ಉಳಿದವರು ನಿಂತಲ್ಲೇ ನಿಂತರೆ ಏನಾಗುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದುದರಿಂದ ಅಭ್ಯಾಸವನ್ನು ಕಿಕ್-ಇನ್‌ನಿಂದ ಆರಂಭಿಸುವುದು ಒಳ್ಳೆಯದು. ನಾವು ಒಂದು ಅಂಕದ ಬಿಹೈಂಡ್ ಗಳಿಸಿದ ಬಳಿಕ ಎದುರಾಳಿ ತನ್ನ ಗೋಲಿನ ಮುಂದಿನ ಚೌಕವಾದ ಗೋಲ್ ಸ್ಕ್ವೇರ್‌ನಿಂದ ಚೆಂಡನ್ನು ಆಟಕ್ಕೆ ತರುತ್ತಾನೆ. ಸಾಲು ಕಟ್ಟಿಕೊಳ್ಳಲು ನಮಗೆ ಕೆಲವು ಕ್ಷಣಗಳಾದರೂ ಸಿಗುವ ಸಂದರ್ಭವಿದು. 2021ರಿಂದ ಎಎಫ್‌ಎಲ್‌ನಲ್ಲಿ ಮಾರ್ಕ್ ಕಾಯುವವನು, ಅಂದರೆ ಒದೆಯುವವನ ಎದುರು ನಿಲ್ಲುವ ನಮ್ಮ ಆಟಗಾರ, ಆ ಸ್ಕ್ವೇರ್‌ನಿಂದ 15 ಮೀಟರ್ ದೂರ ನಿಲ್ಲಬೇಕು, ಅಕ್ಕಪಕ್ಕಕ್ಕೆ ಸರಿಯುವಂತಿಲ್ಲ; ಹಾಗಾಗಿ ಅವನನ್ನು ಲೆಕ್ಕದಿಂದ ಬಿಟ್ಟುಬಿಡಿ. ಉಳಿದ ಹದಿನೇಳು ಮಂದಿಯನ್ನು ನಾಲ್ಕು, ಐದು, ಐದು, ಮೂರು ಎಂದು ನಾಲ್ಕು ಸಾಲುಗಳಲ್ಲಿ ನಿಲ್ಲಿಸಬಹುದು. ಹದಿನೈದು ಮೀಟರಿಗಿಂತ ಕಡಿಮೆ ದೂರದ ಒದೆತವನ್ನು ಹಿಡಿದರೆ ಮಾರ್ಕ್ (ಒದ್ದ ಚೆಂಡನ್ನು ನೇರವಾಗಿ ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯಲು ಸಿಗುವ ಅವಕಾಶ) ಸಿಗುವುದಿಲ್ಲವಾದ್ದರಿಂದ, ಎದುರಾಳಿಗೆ ಹಿತವಾಗುವುದು ಇಪ್ಪತ್ತು ಮೂವತ್ತು ಮೀಟರಿನ ಚಿಕ್ಕ ಒದೆತ. ಮೊದಲ ಸಾಲು ಅದನ್ನು ಮುಚ್ಚಬೇಕು. ಎರಡನೆಯ ಸಾಲು ಮೈದಾನದ ನಡುಭಾಗವಾದ ಕಾರಿಡಾರ್‌ಗೆ ಅಡ್ಡವಾಗಿ ನಿಲ್ಲಬೇಕು. ಮೂರನೆಯದು ಉದ್ದನೆಯ ಒದೆತ ಬೀಳುವ ಜಾಗ. ತಂಡದ ಎತ್ತರದ ಆಳಾದ ರಕ್‌ಮನ್ ಅಲ್ಲಿರಲಿ. ಕೊನೆಯ ಮೂವರು ತಮ್ಮ ಗೋಲಿನ ಬಳಿ ಕಾಯದೆ ಮೂರನೆಯ ಸಾಲಿನ ಬೆನ್ನಿಗೇ ಇರಬೇಕು. ಸಾಲುಗಳ ನಡುವಿನ ಅಂತರ ಇಪ್ಪತ್ತು ಮೀಟರನ್ನು ದಾಟಿದರೆ ಅಲ್ಲಿ ಕಿಂಡಿ ಬಿತ್ತೆಂದೇ ಅರ್ಥ.

ಇಷ್ಟು ದೊಡ್ಡ ಮೈದಾನದಲ್ಲಿ ಎಲ್ಲವನ್ನೂ ಮುಚ್ಚಲಾಗದು. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನ ಉದ್ದವೇ ಸುಮಾರು 160 ಮೀಟರ್. ಆದ್ದರಿಂದ ಒಂದು ದಾರಿಯನ್ನು ಬೇಕೆಂದೇ ತೆರೆದಿಡಬೇಕು, ಅದು ಬೌಂಡರಿಯ ಅಂಚಿನದಾಗಿರಬೇಕು. ಅಲ್ಲಿ ಗೆರೆಯೇ ಸಂಬಳವಿಲ್ಲದ ಡಿಫೆಂಡರ್. ಎದುರಾಳಿ ಅಂಚಿಗೆ ಉದ್ದಕ್ಕೆ ಒದ್ದನೆಂದರೆ ನಮ್ಮವರೆಲ್ಲ ಆ ಬದಿಗೆ ಜರುಗುತ್ತಾರೆ. ಚೆಂಡಿನಿಂದ ಅತಿ ದೂರದಲ್ಲಿರುವ ವಿಂಗ್ ಆಟಗಾರ ಮಾತ್ರ ಕಾರಿಡಾರ್‌ನವರೆಗೆ ಬಂದು ನಿಲ್ಲಬೇಕು. ಚೆಂಡನ್ನು ಅಡ್ಡಲಾಗಿ ಇನ್ನೊಂದು ಬದಿಗೆ ಸ್ವಿಚ್ ಮಾಡಿದರೆ ಮೊದಲು ಓಡಬೇಕಾದವನು ಅವನೇ.

ತೆರೆದ ಆಟದಲ್ಲಿ ಪ್ರೆಸ್ ಹಾಕುವುದು ಇದಕ್ಕಿಂತ ಕಷ್ಟ, ಏಕೆಂದರೆ ಯಾವಾಗ ಮುನ್ನುಗ್ಗಬೇಕೆಂಬುದನ್ನು ಆಟಗಾರನೇ ಕ್ಷಣಮಾತ್ರದಲ್ಲಿ ಗುರುತಿಸಬೇಕಾಗುತ್ತದೆ. ಚೆಂಡು ಹಿಡಿದವನು ತನ್ನ ಗೋಲಿಗೆ ಮುಖಮಾಡಿದ್ದರೆ, ಚೆಂಡು ನೆಲದಲ್ಲಿ ಕೈಗೆ ಸಿಗದೆ ಜಾರುತ್ತಿದ್ದರೆ, ಅಥವಾ ಮುಷ್ಟಿಯಿಂದ ಹೊಡೆದು ಕೊಡುವ ಪಾಸ್ ಆದ ಹ್ಯಾಂಡ್‌ಬಾಲ್ ಗಾಳಿಯಲ್ಲಿ ಮೆಲ್ಲಗೆ ತೇಲಿಬಂದರೆ ಹತ್ತಿರದ ಮೂವರೂ ಒಟ್ಟಿಗೆ ನುಗ್ಗಲಿ: ಒಬ್ಬ ಆಳಿನ ಮೇಲೆ, ಇನ್ನಿಬ್ಬರು ಅವನು ಚೆಂಡು ಕೊಡಬಹುದಾದ ಹತ್ತಿರದ ಇಬ್ಬರ ಮೇಲೆ. ಅವನು ಮಾರ್ಕ್ ಹಿಡಿದು, ತಲೆಯೆತ್ತಿ, ನಿಧಾನವಾಗಿ ಮುಂದೆ ನೋಡುತ್ತಿದ್ದರೆ ನುಗ್ಗುವುದು ಮೂರ್ಖತನ. ಆಗ ಸಾಲು ಸರಿಪಡಿಸಿಕೊಳ್ಳುವುದೇ ಸರಿ. 2017ರ ರಿಚ್ಮಂಡ್ ತಂಡವನ್ನು ಇಲ್ಲಿ ನೆನೆಯಬೇಕು. ಡೇಮಿಯನ್ ಹಾರ್ಡ್‌ವಿಕ್ ಅವರು ಎತ್ತರದ ಫಾರ್ವರ್ಡ್ ಆಗಿ ಜಾಕ್ ರೀವೋಲ್ಟ್ ಅವರೊಬ್ಬರನ್ನೇ ಮುಖ್ಯವಾಗಿ ಇಟ್ಟು, ಸುತ್ತ ಚುರುಕಿನ ಕುಳ್ಳ ಆಟಗಾರರನ್ನು ಬಿಟ್ಟಿದ್ದರು. ರೀವೋಲ್ಟ್ ಮಾರ್ಕ್ ಹಿಡಿಯದಿದ್ದರೂ ಚೆಂಡು ನೆಲಕ್ಕೆ ಬಿದ್ದರೆ ಸಾಕಿತ್ತು, ಕುಳ್ಳರು ಮುತ್ತಿಕೊಳ್ಳುತ್ತಿದ್ದರು. ಗ್ರ್ಯಾಂಡ್ ಫೈನಲ್‌ನಲ್ಲಿ ಅಡಿಲೇಡ್ 48 ಅಂಕಗಳಿಂದ ಸೋತಿತು.

ಮುನ್ನುಗ್ಗುವವನು ನೇರವಾಗಿ ಓಡದೆ ಕಾರಿಡಾರ್ ಬದಿಯಿಂದ ಬಳಸಿ ಬರಬೇಕು, ಆಗ ಚೆಂಡು ಹಿಡಿದವನು ತಾನಾಗಿಯೇ ಅಂಚಿನತ್ತ ತಿರುಗುತ್ತಾನೆ. ಕೊನೆಯ ಎರಡು ಹೆಜ್ಜೆಗಳನ್ನು ಚಿಕ್ಕದಾಗಿಸಿಕೊಂಡರೆ ಪಕ್ಕಕ್ಕೆ ತಪ್ಪಿಸಿಕೊಳ್ಳುವವನನ್ನೂ ಹಿಡಿಯಬಹುದು. ಟ್ಯಾಕಲ್ ಭುಜದ ಕೆಳಗೆ, ಮಂಡಿಯ ಮೇಲೆ ಇರಲಿ. ಬೆನ್ನಿಗೆ ತಳ್ಳಿದರೆ ಫ್ರೀ ಕಿಕ್ ಅವರ ಪಾಲು, ಅದರೊಂದಿಗೆ ಪ್ರೆಸ್ ಕೂಡ ಮುಗಿಯಿತು. ಚೆಂಡನ್ನು ಬಿಡಲು ಅವಕಾಶವಿದ್ದೂ ಬಿಡದೆ ಸಿಕ್ಕಿಬಿದ್ದವನ ವಿರುದ್ಧ ಅಂಪೈರ್ ‘ಹೋಲ್ಡಿಂಗ್ ದ ಬಾಲ್’ ಎಂದು ನಮಗೆ ಫ್ರೀ ಕಿಕ್ ಕೊಡುತ್ತಾರೆ. ಗೋಲಿನಿಂದ ಮೂವತ್ತು ಮೀಟರಿನಲ್ಲಿ ಅಂಥದೊಂದು ಸಿಕ್ಕರೆ ಗೋಲಿನ ಆರು ಅಂಕ ಹೆಚ್ಚುಕಡಿಮೆ ಕೈಯಲ್ಲೇ ಇದ್ದಂತೆ.

ದಣಿವಿನ ಲೆಕ್ಕವನ್ನೂ ಇಡಬೇಕು. ಎಎಫ್‌ಎಲ್‌ನಲ್ಲಿ ಆಟಗಾರರ ಅದಲುಬದಲಿಗೆ 2021ರಿಂದ ಪಂದ್ಯಕ್ಕೆ 75ರ ಮಿತಿಯಿದೆ, ಸ್ಥಳೀಯ ಲೀಗ್‌ಗಳ ನಿಯಮಗಳು ಬೇರೆಬೇರೆ. ಇನ್ನು, ಗೋಲಾದ ಬಳಿಕ ಮಧ್ಯದಿಂದ ಆಟ ಮರಳಿ ಆರಂಭವಾಗುವಾಗ, 2019ರ 6-6-6 ನಿಯಮದಂತೆ ಎರಡೂ ತುದಿಯ 50 ಮೀಟರ್ ಕಮಾನುಗಳೊಳಗೆ ತಂಡದ ತಲಾ ಆರು ಮಂದಿ ಇರಲೇಬೇಕು. ಪ್ರೆಸ್ ಕಟ್ಟಲು ಚೆಂಡು ಹೊರಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಅಭ್ಯಾಸಕ್ಕೆ ಅರ್ಧ ಮೈದಾನ, ಎರಡು ಬದಿಗೂ ಒಂಬತ್ತು ಮಂದಿ, ಇಪ್ಪತ್ತು ಮೀಟರಿಗೊಂದು ಕೋನ್ ಸಾಕು. ಕಿಕ್-ಇನ್‌ನಿಂದ ಆರಂಭಿಸಿ, ನಡುನಡುವೆ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ತರಬೇತುದಾರ ಮೊದಲು ಕೊನೆಯ ಸಾಲು ಎಲ್ಲಿದೆಯೆಂದು ನೋಡಲಿ. ಅವರು ಹಿಂದೆ ಉಳಿಯುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ಭಯದಿಂದ: ಚೆಂಡು ತಲೆಯ ಮೇಲಿಂದ ಹಾರಿದರೆ ಹಿಂದೆ ಖಾಲಿ ಗೋಲು, ಬೈಗುಳ ತಮಗೇ ಎಂಬುದು ಅವರಿಗೆ ಗೊತ್ತು. ಹಾಗೆ ಒಮ್ಮೆ ಹಾರಿದಾಗ ಮುಂದಿನ ಮೂವರನ್ನು ಕರೆದು ಆ ಒದೆತವನ್ನು ಅಷ್ಟು ಆರಾಮವಾಗಿ ಹೇಗೆ ಬಿಟ್ಟಿರಿ ಎಂದು ಮೊದಲು ಕೇಳಿ. ಹಿಂದಿನ ಸಾಲಿನ ಡಿಫೆಂಡರ್ ಆದ ಫುಲ್‌ಬ್ಯಾಕ್‌ನ ಸರದಿ ಆಮೇಲೆ.