ಲ್ಯಾಪ್‌ಟಾಪ್ ತಡವರಿಸಿದರೆ ಮೊದಲು ಇದನ್ನು ನೋಡಿ

ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಪಕ್ಕದಲ್ಲೇ ಬ್ರೌಸರ್ ತೆರೆದರೆ ಟೈಪ್ ಮಾಡಿದ ಅಕ್ಷರವೂ ತಡವಾಗಿ ಮೂಡುತ್ತದೆ, ಅಲ್ವಾ? ಸುಮ್ನೆ ರೀಸ್ಟಾರ್ಟ್ ಮಾಡಬೇಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು (ಕೆಲಸ ನಡೆಸುವ ಮುಖ್ಯ ಚಿಪ್) ಮತ್ತು ಮೆಮೊರಿ, ಇವೆರಡರಲ್ಲಿ ಯಾವುದು ಶೇಕಡಾ 100ರ ಹತ್ತಿರ ಇದೆ ನೋಡಿ.

ಸಿಪಿಯು ಒಳಗೆ ಕೆಲಸ ಮಾಡುವ ಒಂದೊಂದು ಘಟಕವೂ ಒಂದು ಕೋರ್. ಒಂದು ಕೋರ್ ಒಂದು ಕ್ಷಣಕ್ಕೆ ಒಂದೋ ಎರಡೋ ಕೆಲಸ ಮಾತ್ರ ಮಾಡಬಲ್ಲದು. ಆದರೆ ಓಡುತ್ತಿರುವ ಪ್ರೋಸೆಸ್‌ಗಳು (ಪ್ರೋಗ್ರಾಮ್‌ಗಳ ಕೆಲಸಗಳು) ನೂರಾರು! ಅದಕ್ಕೇ ಆಪರೇಟಿಂಗ್ ಸಿಸ್ಟಮ್ ಪ್ರತಿಯೊಂದಕ್ಕೂ ಕೆಲವು ಮಿಲಿಸೆಕೆಂಡ್‌ಗಳ ಸರದಿ ಕೊಡುತ್ತದೆ. ಸರದಿ ಮುಗಿದ ಕೂಡಲೇ ಅದು ಎಲ್ಲಿಗೆ ಬಂದಿತ್ತು ಅನ್ನುವುದನ್ನು ಉಳಿಸಿಟ್ಟು ಮುಂದಿನದನ್ನು ಕರೆಯುತ್ತದೆ. ಇದು ಎಷ್ಟು ಬೇಗ ನಡೆಯುತ್ತದೆ ಅಂದರೆ ನಮಗೆ ಎಲ್ಲವೂ ಒಟ್ಟಿಗೇ ಓಡಿದಂತೆ ಕಾಣುತ್ತದೆ. ನಿಜಕ್ಕೂ ಅದ್ಭುತ ವ್ಯವಸ್ಥೆ.

ಸಿಪಿಯು ತುಂಬಿದ್ದರೆ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ. ಜಾಸ್ತಿ ಸಿಪಿಯು ತಿನ್ನುತ್ತಿರುವ ಪ್ರೋಗ್ರಾಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಟ್ ಪ್ರಯಾರಿಟಿಯಲ್ಲಿ ಬಿಲೋ ನಾರ್ಮಲ್ ಆರಿಸಿ. ಎಕ್ಸ್‌ಪೋರ್ಟ್ ನಿಲ್ಲುವುದಿಲ್ಲ, ಸರದಿಯಲ್ಲಿ ಹಿಂದೆ ಸರಿಯುತ್ತದೆ ಅಷ್ಟೇ. ರಿಯಲ್‌ಟೈಮ್ ಅನ್ನುವ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ. ಕೀಬೋರ್ಡ್, ಮೌಸ್ ಕೂಡ ಸ್ಪಂದಿಸದೆ ಹೋಗಬಹುದು.

ಮೆಮೊರಿ ತುಂಬಿದ್ದರೆ ಪ್ರಯಾರಿಟಿ ಬದಲಿಸಿ ಪ್ರಯೋಜನವಿಲ್ಲ. ರ‍್ಯಾಮ್‌ನಲ್ಲಿ (ಅಂದರೆ ಇದೇ ಮೆಮೊರಿಯಲ್ಲಿ) ಜಾಗ ಸಾಲದೆ ಸಿಸ್ಟಮ್ ಡೇಟಾವನ್ನು ಡಿಸ್ಕ್‌ಗೆ ಸಾಗಿಸಿ ಮತ್ತೆ ತರುತ್ತಿರುತ್ತದೆ. ಡಿಸ್ಕ್ ರ‍್ಯಾಮ್‌ಗಿಂತ ತುಂಬಾ ನಿಧಾನ, ಹಳೇ ಹಾರ್ಡ್ ಡಿಸ್ಕ್ ಆದರಂತೂ ಕೇಳಲೇಬೇಡಿ. ಬ್ರೌಸರ್‌ನಲ್ಲಿ ಬೇಡದ ಟ್ಯಾಬ್‌ಗಳನ್ನು ಮುಚ್ಚಿ. ದಿನಾ ಹೀಗೇ ಆಗುತ್ತಿದ್ದರೆ ಹೊಸ ಲ್ಯಾಪ್‌ಟಾಪ್ ನೋಡುವ ಮೊದಲು ನಿಮ್ಮದರಲ್ಲಿ ರ‍್ಯಾಮ್ ಹೆಚ್ಚಿಸಲು ಆಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ.