ಕಾದ ತಾರಸಿಯ ಕೆಳಗೂ ಕಣ್ತುಂಬ ನಿದ್ದೆ

ಮಾರ್ಚ್ ಬಂತೆಂದರೆ ಆರ್‌ಸಿಸಿ ಮನೆಗಳ ಮೇಲ್ಮಹಡಿಯಲ್ಲಿ ಮಲಗುವವರದು ಒಂದೇ ದೂರು: ರಾತ್ರಿ ಹತ್ತಕ್ಕೆ ಹೊರಗೆ ತಂಗಾಳಿ, ಕೋಣೆಯೊಳಗೆ ಬೆವರು. ಫ್ಯಾನು ಐದರಲ್ಲಿ ತಿರುಗುತ್ತಿದ್ದರೂ ಬೀಸುವುದು ಬಿಸಿಗಾಳಿ. ಕಾರಣ ತಲೆಯ ಮೇಲೇ ಇದೆ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟು ಹಗಲೆಲ್ಲ ಹೀರಿದ ಕಾವು ಕೆಳಗಿಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸೂರಿನ ಒಳಮೈ ಹೆಚ್ಚು ಕಾಯುವುದು ನಡುಮಧ್ಯಾಹ್ನವಲ್ಲ, ಹೊತ್ತು ಇಳಿದ ಮೇಲೆ. ಅದು ಆರುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯತೊಡಗಬೇಕು. ಆ ಕಾವು ಹೊರಬೀಳುವುದು ಮುಖ್ಯವಾಗಿ ಅಂಗೈ, ಅಂಗಾಲುಗಳ ಚರ್ಮದಿಂದ. ಮೇಲಿನಿಂದ ಸೂರು, ಕೆಳಗಿನಿಂದ ಹಾಸಿಗೆ ಎರಡೂ ಬಿಸಿಯಾಗಿದ್ದರೆ ಆ ಕಾವಿಗೆ ಹೋಗಲು ದಾರಿಯಿಲ್ಲ, ಹೊರಳಾಟವೇ ಗತಿ. ಇದಕ್ಕೆ ಹೆಚ್ಚಿನವರು ಮೊದಲು ಮಾಡುವುದು ಎಸಿಯ ವಿಚಾರಣೆ. ನಮ್ಮ ಸಲಹೆ, ಕೆಲಸ ಮೇಲಿನಿಂದ ಕೆಳಕ್ಕೆ ಬರಲಿ: ಮೊದಲು ತಾರಸಿ, ಆಮೇಲೆ ಕಿಟಕಿ, ಫ್ಯಾನು, ಕೊನೆಗೆ ಹಾಸಿಗೆ.

ತಾರಸಿಗೆ ಸುಣ್ಣ

ಬಿಳಿ ಮೈ ಬಿಸಿಲನ್ನು ಹೀರದೆ ಹಿಂದಕ್ಕೆ ಕಳಿಸುತ್ತದೆ. ಇದಕ್ಕೆಂದೇ ತಯಾರಾದ ಬಿಳಿ ಬಣ್ಣಗಳು ಅಂಗಡಿಯಲ್ಲಿವೆ, ಬಾಳಿಕೆಯೂ ಹೆಚ್ಚು. ಬೆಲೆ ಹೆಚ್ಚಾಯಿತು ಎನಿಸಿದರೆ ಸುಣ್ಣವೇ ಸಾಕು.

10×12 ಅಡಿಯ ಕೋಣೆಯ ಮೇಲ್ಭಾಗಕ್ಕೆ ಅರಳಿದ ಸುಣ್ಣದ ಪುಡಿ 5 ಕೆ.ಜಿ., ಬಿಳಿ ಸಿಮೆಂಟ್ 1 ಕೆ.ಜಿ., ಬಣ್ಣದಂಗಡಿಯಲ್ಲಿ ಸುಣ್ಣಕ್ಕೆ ಬೆರೆಸಲೆಂದು ಕೊಡುವ ಅಂಟು ಅರ್ಧ ಕೆ.ಜಿ. ತನ್ನಿ. ಪುಡಿ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಅಂಟನ್ನೂ ಸಿಮೆಂಟನ್ನೂ ಹಚ್ಚುವ ಹೊತ್ತಿಗಷ್ಟೇ ಬೆರೆಸಿ. ಮೊದಲೇ ಬೆರೆಸಿಟ್ಟರೆ ಸಿಮೆಂಟು ಗಟ್ಟಿಯಾಗಿ ತಳ ಹಿಡಿಯುತ್ತದೆ. ಹದ ತೆಳು ಮಜ್ಜಿಗೆಯಷ್ಟಿರಲಿ. ಒಮ್ಮೆಗೇ ದಪ್ಪಗೆ ಬಳಿದದ್ದು ಒಣಗಿ ಬಿರುಕು ಬಿಟ್ಟು ಹಾಳೆಹಾಳೆಯಾಗಿ ಏಳುತ್ತದೆ.

ಬಳಿಯುವ ಮೊದಲು ಪಾಚಿ, ಧೂಳನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬಿರುಕುಗಳಿದ್ದರೆ ಮೊದಲು ಮುಚ್ಚಿಸಿ. ತಾರಸಿ ಒದ್ದೆ ಇರುವಾಗಲೇ, ಆದರೆ ನೀರು ನಿಂತಿರದಾಗ, ಮೊದಲ ಕೈ ಬಳಿಯಿರಿ. ಕೈಗೆ ಹತ್ತಿ ಪುಡಿ ಉದುರುವ ಸುಣ್ಣದ ಹಿಂದೆ ಸಾಮಾನ್ಯವಾಗಿ ಇರುವುದು ಇದೇ ತಪ್ಪು: ಒಣ ಕಾಂಕ್ರೀಟು ಸುಣ್ಣದ ನೀರನ್ನೆಲ್ಲ ಕ್ಷಣದಲ್ಲಿ ಹೀರಿಬಿಟ್ಟಿರುತ್ತದೆ, ಸುಣ್ಣ ಹಿಡಿದುಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ಬಿಸಿಲೇರುವ ಮುನ್ನ, ಬೆಳಿಗ್ಗೆ ಒಂಬತ್ತರೊಳಗೆ ಒಂದು ಕೈ, ಮರುದಿನ ಅದಕ್ಕೆ ಅಡ್ಡಡ್ಡ ಎರಡನೇ ಕೈ. ಕೋಣೆಯ ಅಳತೆಗಿಂತ ಸುತ್ತಲೂ ಎರಡಡಿ ಹೆಚ್ಚಿಗೆ ಬಳಿದರೆ ಪಕ್ಕದ ಕಾವೂ ಒಳನುಗ್ಗದು. ಕೈಗವಸು, ಕನ್ನಡಕ ಕಡ್ಡಾಯ. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜದೆ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ತಾರಸಿ ನೀರು ಮಳೆಕೊಯ್ಲಿನ ಸಂಪಿಗೆ ಹೋಗುವ ಮನೆಗಳಲ್ಲಿ ಮೊದಲ ಒಂದೆರಡು ಮಳೆಯ ನೀರನ್ನು ಹೊರಬಿಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಸುಣ್ಣ ಬಹುಪಾಲು ತೊಳೆದುಹೋಗಿರುತ್ತದೆ, ಮುಂದಿನ ಫೆಬ್ರುವರಿಗೆ ಮತ್ತೆ ಬಳಿಯಬೇಕು. ಸಂಜೆ ತಾರಸಿಗೆ ನೀರು ಸುರಿಯುವ ರೂಢಿಯೂ ಇದೆ. ಕಾವು ಇಳಿಯುವುದು ನಿಜ, ಆದರೆ ನೀರಿಗೇ ತತ್ವಾರವಿರುವ ಬೇಸಿಗೆಯಲ್ಲಿ ದಿನವೂ ಮಾಡುವ ಕೆಲಸವಲ್ಲ. ಬಿರುಕಿದ್ದರೆ ಸೋರಿಕೆಯೂ ಶುರುವಾಗುತ್ತದೆ.

ಬಾಡಿಗೆ ಮನೆ, ಮಾಲೀಕರು ಒಪ್ಪುವುದಿಲ್ಲ ಎಂದಾದರೆ ಬೇಸಿಗೆಯ ಮಟ್ಟಿಗೆ ಮಲಗುವ ಜಾಗವನ್ನೇ ಬದಲಿಸಿ. ಪೂರ್ವ ಅಥವಾ ಉತ್ತರದ ಕೋಣೆ ವಾಸಿ. ಪಡುವಣ ಗೋಡೆಗೆ ಮಂಚ ತಾಗಿಸಬೇಡಿ, ಅರ್ಧ ಅಡಿಯಾದರೂ ಬಿಡಿ. ಸಂಜೆ ಬಿಸಿಲು ತಿಂದ ಗೋಡೆ ರಾತ್ರಿ ಅದನ್ನು ಪಕ್ಕದಲ್ಲಿ ಮಲಗಿದವರ ಮೇಲೆಯೇ ಕಾರುತ್ತದೆ.

ಕಿಟಕಿಗೆ ವೇಳಾಪಟ್ಟಿ

ದಿನವಿಡೀ ಕಿಟಕಿ ತೆರೆದಿಟ್ಟರೆ ಕೋಣೆ ತಂಪಾಗಿರುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗುವ ಹೊತ್ತಿಗೆ, ಅಂದರೆ ಬೆಳಿಗ್ಗೆ ಹತ್ತರ ಸುಮಾರಿಗೆ, ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಪಶ್ಚಿಮದ ಕಿಟಕಿಗೆ ಒಳಪರದೆ ಸಾಲದು. ಬಿಸಿಲು ಗಾಜು ದಾಟಿತೆಂದರೆ ಕಾವು ಕೋಣೆಯ ಪಾಲಾಯಿತು, ಆದ್ದರಿಂದ ಬಿದಿರಿನ ತಟ್ಟಿಯನ್ನೋ ಹಸಿರು ನೆರಳು ಬಲೆಯನ್ನೋ ಗಾಜಿನ ಹೊರಗಡೆ ಕಟ್ಟಬೇಕು.

ಮತ್ತೆ ತೆರೆಯುವುದು ಯಾವಾಗ? ಬೆಂಗಳೂರು, ಮೈಸೂರಿನಲ್ಲಿ ಎಂಟರ ಹೊತ್ತಿಗೆ ಹೊರಗಾಳಿ ತಣ್ಣಗಾಗಬಹುದು. ರಾಯಚೂರು, ಕಲಬುರಗಿಯಲ್ಲಿ ಹತ್ತು ದಾಟಿದರೂ ಆದೀತು. ಗೋಡೆಗೆ ಹಾಕುವ ಸಾದಾ ಥರ್ಮಾಮೀಟರ್ ಎರಡಿದ್ದರೆ, ಒಂದು ಒಳಗೆ, ಒಂದು ಬಾಲ್ಕನಿಯ ನೆರಳಲ್ಲಿ, ಊಹೆಯ ಕೆಲಸವಿಲ್ಲ. ಹೊರಗಿನ ಅಂಕಿ ಕೆಳಗಿಳಿದ ಕೂಡಲೇ ಎದುರುಬದುರು ಕಿಟಕಿ, ಬಾಗಿಲು ತೆರೆಯಿರಿ. ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು ಅರ್ಧ ಗಂಟೆ ಓಡಿಸಿ: ಬಿಸಿಗಾಳಿ ಅತ್ತ ಹೋಗುತ್ತದೆ, ತಣ್ಣನೆಯದು ಇತ್ತಿಂದ ಬರುತ್ತದೆ.

ಸೂರಿಗೆ ಹತ್ತಿರದ ಗವಾಕ್ಷಿಗಳನ್ನು ಪಾರಿವಾಳ, ಸೊಳ್ಳೆಗೆ ಹೆದರಿ ರಟ್ಟು ಹೊಡೆದು ಮುಚ್ಚಿದ ಮನೆಗಳೇ ಹೆಚ್ಚು. ಇದು ದೊಡ್ಡ ನಷ್ಟ. ಬಿಸಿಗಾಳಿ ಮೇಲೇರಿ ಹೊರಹೋಗಲು ಇದ್ದದ್ದು ಅದೊಂದೇ ದಾರಿ. ರಟ್ಟು ಕಿತ್ತು ಜಾಲರಿ ಹೊಡೆಸಿ.

ಫ್ಯಾನು, ಕೂಲರ್, ಎಸಿ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೆ. ರೆಕ್ಕೆಗಳು ನೆಲದಿಂದ ಎಂಟು ಅಡಿ ಆಸುಪಾಸು, ಸೂರಿನಿಂದ ಕನಿಷ್ಠ ಒಂದಡಿ ಕೆಳಗಿರಬೇಕು. ಸೂರಿಗೆ ಅಂಟಿದಂತಿದ್ದರೆ ಗಾಳಿ ಎಳೆದುಕೊಳ್ಳಲು ಎಡೆಯಿಲ್ಲದೆ ಬರೀ ಸದ್ದು ಮಾಡುತ್ತದೆ. 120 ಚದರಡಿ ಕೋಣೆಗೆ 1200 ಮಿ.ಮೀ. ಅಳತೆಯದು ಸರಿ.

ಹಳೆ ಫ್ಯಾನು ಮೊದಲಿನಷ್ಟು ಜೋರಾಗಿ ತಿರುಗದಿದ್ದರೆ ಹೊಸದು ಕೊಳ್ಳುವ ಮೊದಲು ಕೆಪಾಸಿಟರ್ ನೋಡಿಸಿ (ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಕಂಡೆನ್ಸರ್). ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು, ಅಗ್ಗದ ಬಿಡಿಭಾಗ; ಅದು ಸೊರಗಿದರೆ ಫ್ಯಾನೂ ನಿಧಾನವಾಗುತ್ತದೆ. ಹಳೆಯದರ ಮೇಲೆ ಬರೆದ ಅಳತೆಯದನ್ನೇ ಹಾಕಿಸಿ.

ಕೂಲರ್ ಒಣ ಹವೆಯ ಊರಿಗೆ ಹೇಳಿ ಮಾಡಿಸಿದ್ದು: ಬಳ್ಳಾರಿ, ರಾಯಚೂರು, ವಿಜಯಪುರ, ಕಲಬುರಗಿ. ಮಂಗಳೂರು, ಉಡುಪಿ, ಕಾರವಾರದಲ್ಲಿ ದುಡ್ಡು ದಂಡ. ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವಾಗ ಪ್ಯಾಡಿನ ನೀರು ಆವಿಯಾಗದು, ಸೆಕೆ ಇಮ್ಮಡಿಯಾಗುತ್ತದೆ. ಒಣ ಊರಿನಲ್ಲೂ ಕೋಣೆ ಮುಚ್ಚಿ ಕೂಲರ್ ಹಾಕಿದರೆ ಒಂದೆರಡು ಗಂಟೆಯಲ್ಲಿ ಕರಾವಳಿಯ ಸೆಕೆಯೇ ಬರುತ್ತದೆ. ಎದುರಿನ ಕಿಟಕಿ ಅರ್ಧ ತೆರೆದಿರಲಿ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಬದಿ ಉಜ್ಜಿ ಒಣಗಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ.

ಎಸಿ ಇದ್ದವರು 18ಕ್ಕೆ ಇಟ್ಟು ಕಂಬಳಿ ಹೊದೆಯುವ ಬದಲು 25–26ಕ್ಕೆ ಇಟ್ಟು ಫ್ಯಾನನ್ನು ಮೆಲ್ಲಗೆ ಬಿಟ್ಟುಕೊಳ್ಳಿ.

ಹಾಸಿಗೆ

ದಪ್ಪ ಫೋಮ್, ಅದರಲ್ಲೂ ಮೆಮೊರಿ ಫೋಮ್, ಮೈ ಮುಳುಗಿದಷ್ಟೂ ಕಾವು ಹಿಡಿದಿಡುತ್ತದೆ. ಹಾಸಿಗೆ ಒದ್ದೆಯಾಗಬಾರದೆಂದು ಹೊದಿಸುವ ಪ್ಲಾಸ್ಟಿಕ್ ಪದರದ ಕವರು ಇನ್ನೂ ಕೆಟ್ಟದ್ದು, ಬೇಸಿಗೆಗೆ ತೆಗೆದಿಡಿ. ಫೋಮ್ ಮೇಲೆ ಜೊಂಡಿನ ಚಾಪೆ, ಅದರ ಮೇಲೆ ತೆಳು ಹತ್ತಿ ಹಾಸಿಗೆ ಅಥವಾ ಹಳೆಯ ಕೌದಿ ಹಾಸಿದರೆ ಬೆನ್ನಡಿ ಗಾಳಿಯಾಡುತ್ತದೆ. ಬೆಡ್‌ಶೀಟು ಅಪ್ಪಟ ಹತ್ತಿಯದಾಗಿರಲಿ. ನುಣುಪಾಗಿ ಮಿನುಗುವ ಪಾಲಿಯೆಸ್ಟರ್ ಮಿಶ್ರಣ ಬೆವರು ಹೀರುವುದಿಲ್ಲ. ಅಂಗಡಿಯಲ್ಲೇ ಒಂದು ಹನಿ ನೀರು ಬಿಟ್ಟರೆ ಎಷ್ಟು ಬೇಗ ಹೀರುತ್ತದೆಂದು ಗೊತ್ತಾಗುತ್ತದೆ. ಹೊಸದಕ್ಕೆ ಗಂಜಿ ಇರುವುದರಿಂದ ಹನಿ ತುಸು ತಡೆದು ಇಳಿದೀತು, ಮೇಲೆಯೇ ಉರುಳಾಡುವುದಂತೂ ಬೇಡ.

ಹತ್ತಿ ಹಾಸಿಗೆ ಎರಡು ವರ್ಷದಲ್ಲಿ ಗಂಟುಗಟ್ಟಿ ನಡುವೆ ತಗ್ಗು ಬೀಳುತ್ತದೆ. ಎಸೆಯಬೇಡಿ, ಹತ್ತಿ ಹಿಂಜಿಸಿ ಮತ್ತೆ ತುಂಬಿಸಿ ಹೊಲಿಸಿ. ತಿಂಗಳಿಗೊಮ್ಮೆ ಎರಡೂ ಮಗ್ಗುಲನ್ನು ತಲಾ ಎರಡು ಮೂರು ಗಂಟೆ ಬಿಸಿಲಿಗೆ ಹಾಕಿ. ಮಧ್ಯಾಹ್ನ ಎರಡಕ್ಕೇ ನೆರಳಿಗೆ ಎಳೆಯಿರಿ. ಸಂಜೆ ಐದಕ್ಕೆ ಬಿಸಿಬಿಸಿ ಒಳತಂದ ಹಾಸಿಗೆ ರಾತ್ರಿಯೂ ಬೆಚ್ಚಗೇ ಇರುತ್ತದೆ.

ದಿಂಬಿನ ಎತ್ತರ ಮಲಗುವ ಭಂಗಿಗೆ ತಕ್ಕಂತೆ ಇರಬೇಕು. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ಇರುವ ಅಂತರ ತುಂಬುವಷ್ಟು, ಅಂದರೆ ಒತ್ತಿದಾಗ ನಾಲ್ಕೈದು ಇಂಚು. ಅಂಗಾತ ಮಲಗುವವರಿಗೆ ಮೂರು ಸಾಕು.

ಕಿಟಕಿ ತೆರೆದಿಡಲು ಸೊಳ್ಳೆ ಪರದೆ ಬೇಕೇ ಬೇಕು. ಬಿಳಿಯದು ಕೊಳ್ಳಿ, ಒಳಗೆ ಸಿಕ್ಕಿಬಿದ್ದ ಸೊಳ್ಳೆ ಕಣ್ಣಿಗೆ ಬೀಳುತ್ತದೆ. ಅಂಚನ್ನು ಸುತ್ತಲೂ ಹಾಸಿಗೆಯಡಿ ಸಿಕ್ಕಿಸಿ. ಪರದೆ ಚಿಕ್ಕದಾಗಿ ಮೊಣಕೈ ತಾಗುತ್ತಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಅಳತೆ ಮಂಚಕ್ಕಿಂತ ದೊಡ್ಡದಿರಲಿ. ಮುಚ್ಚಿದ ಕೋಣೆಯಲ್ಲಿ ಬತ್ತಿ ಹಚ್ಚಿ ಮಲಗುವುದನ್ನು ದಯವಿಟ್ಟು ನಿಲ್ಲಿಸಿ. ರಾತ್ರಿಯಿಡೀ ಆ ಹೊಗೆ ಕುಡಿಯುವವರು ಮಕ್ಕಳು.

ಮಲಗುವ ಮುಂಚೆ

ಐಸ್ ನೀರಿನ ಸ್ನಾನ ಬೇಡ. ತೀರಾ ತಣ್ಣೀರು ಬಿದ್ದರೆ ಚರ್ಮದ ರಕ್ತನಾಳಗಳು ಮುದುಡಿ ಒಳಗಿನ ಕಾವು ಒಳಗೇ ಉಳಿಯುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ. ಸಂಜೆ ಐದರ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ, ಕೊನೆಯ ಲೋಟ ಮಧ್ಯಾಹ್ನ ಮೂರಕ್ಕೆ ಮುಗಿಯಲಿ. ಊಟ ಮಲಗುವ ಎರಡು ಗಂಟೆ ಮೊದಲು. ಒಂಬತ್ತರ ನಂತರ ಬಿಳಿ ಟ್ಯೂಬ್‌ಲೈಟ್ ಆರಿಸಿ, ಹಳದಿ ಬೆಳಕಿನ ಬಲ್ಬ್ ಹಾಕಿ. ರಾತ್ರಿಗೆ ಝೀರೋ ಬಲ್ಬ್ ಬೇಕೇ ಬೇಕಾದರೆ ನೀಲಿ, ಹಸಿರಿಗಿಂತ ಕೆಂಪು ಮೇಲು.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಗಡಿಯಾರ ನೋಡುತ್ತ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗದಿರಲಿ.

ಕೋಣೆ ತಂಪಾಗಿಯೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೈಕೊಟ್ಟರೆ ವೈದ್ಯರನ್ನು ಕಾಣಿ. ಜೋರು ಗೊರಕೆಯ ನಡುವೆ ಉಸಿರು ನಿಂತು, ದಡಕ್ಕನೆ ಏದುಸಿರು ಬಿಡುವವರು ಅಷ್ಟು ದಿನ ಕಾಯುವುದೇ ಬೇಡ. ಅಂಥವರು ಮೆಡಿಕಲ್ ಶಾಪಿನಿಂದ ತಾವಾಗಿಯೇ ನಿದ್ದೆ ಮಾತ್ರೆ ತಂದು ನುಂಗಬಾರದು. ಕೆಲವು ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರು ಕಟ್ಟುವುದನ್ನು ಹೆಚ್ಚಿಸುತ್ತವೆ.