ಅಂಗಳದ ಪಾಚಿ ಬಿಟ್ಟುಕೊಟ್ಟ ನೀಲಿ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಜಂಬಿಟ್ಟಿಗೆ ಅಂಗಳದಲ್ಲಿ ಕಪ್ಪು ಹಸಿರಿನ ಲೋಳೆ ಪಾಚಿ ಏಳುತ್ತದೆ. ಕಾಲು ಜಾರುತ್ತದೆ ಅಂತ ಎಲ್ಲರೂ ಕೆರೆದು ಬಿಸಾಕುತ್ತಾರೆ. ನಾನು ಡಿಗ್ರಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವವನು. ಬೆಳಕು ಹಿಡಿಯುವ ವಿದ್ಯೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಅಂತ ತೋರಿಸಲು ನಾನು ಈ ಪಾಚಿಯನ್ನೇ ತರುತ್ತೇನೆ.

ಇದು ನಾಸ್ಟಾಕ್, ಒಂದು ಸಯನೋಬ್ಯಾಕ್ಟೀರಿಯಾ, ಅಂದರೆ ಗಿಡದ ಹಾಗೆ ಬೆಳಕು ಹಿಡಿಯುವ ಬ್ಯಾಕ್ಟೀರಿಯಾ. 240 ಕೋಟಿ ವರ್ಷಕ್ಕೂ ಹಿಂದೆ ಬೆಳಕಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಬಿಡಲು ಶುರು ಮಾಡಿದ್ದು ಇದರ ಪೂರ್ವಿಕರೇ. ಪಾಚಿಯನ್ನು ತೊಳೆದು ಫ್ರೀಜರಿನಲ್ಲಿಡುತ್ತೇನೆ, ಕರಗಿಸುತ್ತೇನೆ, ಮತ್ತೆ ಫ್ರೀಜರಿಗೆ. ಕೋಶ ಒಡೆಯಬೇಕಲ್ಲ. ಆಮೇಲೆ ಸ್ವಲ್ಪ ನೀರು ಹಾಕಿ ಅರೆದು, ರಾತ್ರಿಯಿಡೀ ಕತ್ತಲಲ್ಲಿಟ್ಟು ಸೋಸಬೇಕು. ಹಸಿರೆಲ್ಲ ಮೇಲೆ ಉಳಿದು, ಕೆಳಗೆ ನೀಲಿ ನೀರು ಇಳಿಯುತ್ತದೆ! ಅದು ಫೈಕೋಸಯನಿನ್ ಎಂಬ ಬಣ್ಣ. ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್‌ಗೆ ಅಷ್ಟಾಗಿ ದಕ್ಕದ ಕಿತ್ತಳೆ ಬೆಳಕನ್ನು ಹಿಡಿದು ಆ ಕ್ಲೋರೊಫಿಲ್‌ನದೇ ಒಂದು ಬಗೆಯಾದ ಕ್ಲೋರೊಫಿಲ್ ಎಗೆ ದಾಟಿಸುವುದು ಅದರ ಕೆಲಸ. ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಆ ನೀಲಿ ನೀರು ಕೆಂಪಗೆ ಹೊಳೆಯುತ್ತದೆ. ಶಕ್ತಿ ಹಿಡಿದಿದೆ, ದಾಟಿಸಲು ಹತ್ತಿರ ಕ್ಲೋರೊಫಿಲ್ ಇಲ್ಲ, ಅದಕ್ಕೆ ಬೆಳಕಾಗಿ ಹೊರಬರುತ್ತದೆ.

ಏಲಕ್ಕಿ ಎಲೆ ಅರೆದರೆ ಈ ನೀಲಿ ಸಿಗುವುದಿಲ್ಲ. ಇಂಥದ್ದೇ ಸಯನೋಬ್ಯಾಕ್ಟೀರಿಯಾ ಇನ್ನೊಂದು ಕೋಶದೊಳಗೆ ಸೇರಿ ಕ್ಲೋರೊಪ್ಲಾಸ್ಟ್, ಅಂದರೆ ಕೋಶದೊಳಗೆ ಬೆಳಕು ಹಿಡಿಯುವ ಭಾಗ, ಆಯಿತು. ಕೆಂಪು ಪಾಚಿಗಳು ಹಳೇ ಬಣ್ಣಗಳನ್ನು ಉಳಿಸಿಕೊಂಡವು. ಹಸಿರು ಪಾಚಿಗಳು ಅವನ್ನು ಬಿಟ್ಟು ಕ್ಲೋರೊಫಿಲ್ ಬಿ ಹಿಡಿದವು. ನೆಲದ ಗಿಡಗಳೆಲ್ಲ ಈ ಹಸಿರು ಕವಲಿನವು. ನಡುವಿನ ಕ್ಲೋರೊಫಿಲ್ ಎ ಮಾತ್ರ ಎಲ್ಲರಲ್ಲೂ ಉಳಿದಿದೆ, ಅದರ ಸುತ್ತ ಬೆಳಕು ಹಿಡಿಯುವ ಬಲೆ ಬದಲಾಗಿದೆ. ಈ ಮಾತು ಹೇಳುವಾಗ ನನಗೆ ಈಗಲೂ ಖುಷಿ.

ಎಲೆಯಿಂದ ಕ್ಲೋರೊಫಿಲ್ ಬಿಡಿಸಲು ನೀರು ಸಾಲದು, ಶೇ 80ರ ಅಸಿಟೋನ್ ಬೇಕು. ಒಂದೇ ದಾಸವಾಳದ ತುದಿಯ ಬಿಸಿಲೆಲೆ, ಒಳಗಿನ ನೆರಳೆಲೆ ಬೇರೆ ಬೇರೆ ಅರೆಯುತ್ತೇವೆ. 663 ಮತ್ತು 645 ನ್ಯಾನೋಮೀಟರಿನ ಬೆಳಕನ್ನು ರಸ ಎಷ್ಟು ಹೀರುತ್ತದೆ ಅಂತ ಅಳೆದು, 1949ರಲ್ಲಿ ಸಸ್ಯವಿಜ್ಞಾನಿ ಆರ್ನನ್ ಕೊಟ್ಟ ಸೂತ್ರ ಹಿಡಿದು ಎ, ಬಿ ಎಷ್ಟೆಷ್ಟು ಅಂತ ಲೆಕ್ಕ ಹಾಕುತ್ತೇವೆ. ನೆರಳೆಲೆಯಲ್ಲಿ ಬಿ ಪಾಲು ಜಾಸ್ತಿ. ಬಿ ಇರುವುದು ಬಲೆಯಲ್ಲೇ. ಬೆಳಕು ಕಡಿಮೆ ಇದ್ದಲ್ಲಿ ಬಲೆ ದೊಡ್ಡದು ಬೇಕು, ಅಲ್ವಾ?

ಬಿಸಿಲು ಜಾಸ್ತಿಯಾದರೆ ಹಿಡಿದದ್ದನ್ನು ಬಿಸಿಯಾಗಿ ಬಿಟ್ಟುಬಿಡಬೇಕು. ಅದಕ್ಕೆ ಹಸಿರು ಪಾಚಿಗಳಲ್ಲಿ ಎಲ್‌ಎಚ್‌ಸಿಎಸ್‌ಆರ್ ಎಂಬ ಪ್ರೋಟೀನು, ಹೂಗಿಡಗಳಲ್ಲಿ ಪಿಎಸ್‌ಬಿಎಸ್. ಹಾವಸೆಯಲ್ಲಿ (ಇಂಗ್ಲಿಷಿನ ಮಾಸ್, ಪಾಚಿಯಲ್ಲ) ಎರಡೂ ಇವೆ. ಇದನ್ನು ನಮ್ಮ ಲ್ಯಾಬಿನಲ್ಲಿ ತೋರಿಸಲು ಆಗುವುದಿಲ್ಲ. ಹಾವಸೆ ಕೈಗೆ ಕೊಟ್ಟು ಹೇಳುತ್ತೇನೆ, ಅಷ್ಟೇ.

ಮಾಡಿ ನೋಡುವವರು ಅಸಿಟೋನ್ ಹತ್ತಿರ ಬೆಂಕಿ ತರಬೇಡಿ. ನೀಲಿ ನೀರನ್ನು ಬಿಸಿಲಿಗೂ ಇಡಬೇಡಿ, ಬಣ್ಣ ಬೇಗ ಹೋಗುತ್ತದೆ.